ಕರೆದಾಗಿನ ಫೋಟೋ, ಕರೆಯದ ಫೋಟೋ

ಪೀಣ್ಯದಲ್ಲಿ ಸ್ಟುಡಿಯೋ ಇಟ್ಟವನಿಗೆ ಪೊಲೀಸರ ಸಹವಾಸ ತಪ್ಪಿದ್ದಲ್ಲ. ಕಳವು ಮಾಲು ಸಿಕ್ಕರೆ ಫೋಟೋಗೆ ಕರೆಯುತ್ತಾರೆ. ಕರೆಯದೆ ತೆಗೆದರೆ ಕೊರಳಪಟ್ಟಿ ಹಿಡಿಯುತ್ತಾರೆ. ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಅದಕ್ಕೂ ಅದರ ಮೆಮೊರಿ ಕಾರ್ಡಿಗೂ ಒಂದು ಚುಕ್ಕೆ ಕುಂಕುಮ ಇಟ್ಟೇ ಅಂಗಡಿ ತೆಗೆಯುವುದು.

ಮದುಮಗ

ಒಮ್ಮೆ ಬೈಕು ಕಳ್ಳನೊಬ್ಬ ಸಿಕ್ಕಿಬಿದ್ದ. ಠಾಣೆಯ ಅಂಗಳದಲ್ಲಿ ಬೈಕುಗಳ ಸಾಲು, ಹಿಂದೆ ಕಳ್ಳ, ಅವನ ಹಿಂದೆ ಇಡೀ ಠಾಣೆ. ಹಿಡಿದವರು ಇಬ್ಬರು, ಫೋಟೋಗೆ ನಿಂತವರು ಹದಿನಾಲ್ಕು. ಒಬ್ಬರು ಮೀಸೆ ತಿರುವಿದರು, ಒಬ್ಬರು ತಲೆ ಬಾಚಿದರು, ಇನ್ಸ್‌ಪೆಕ್ಟರು ಹೊಟ್ಟೆ ಒಳಗೆಳೆದುಕೊಂಡರು. ಪ್ರಿಂಟ್ ನೋಡಿ ಅವರೇ ಕೆಂಡವಾದರು.

“ಏನ್ರೀ ಇದು? ನಾನು ಮಸುಕು, ಕಳ್ಳ ಮಾತ್ರ ಮದುಮಗನ ಥರ ಬಿದ್ದಿದ್ದಾನೆ!”

“ಸಾರ್, ಅಲ್ಲಾಡದೆ ಇದ್ದವನು ಅವನೊಬ್ಬನೇ.”

ಕೆಲಸದ ಹೊತ್ತು

ಕೆಲಸದಿಂದ ತೆಗೆದರೆಂದು ರಾಯಚೂರು ಕಡೆಯ ಕಾರ್ಮಿಕರು ಫ್ಯಾಕ್ಟರಿ ಗೇಟಿನ ಮುಂದೆ ಕೂತಿದ್ದರು. ಪೊಲೀಸರು ಲಾಠಿ ಬೀಸಿದರು. ಒಬ್ಬ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಇನ್ಸ್‌ಪೆಕ್ಟರು ಅವನಿಗೇ ಹೊಡೆಯುತ್ತಿದ್ದರು. ತೆಗೆದೆ. ದಿನಾ ನನ್ನ ಅಂಗಡಿಯಲ್ಲಿ ಕೂತು ಟೀ ಕುಡಿಯುವ ಕಾನ್‌ಸ್ಟೇಬಲ್ಲೇ ಬಂದು ಕ್ಯಾಮೆರಾ ಕಿತ್ತುಕೊಂಡ.

“ಪೊಲೀಸ್ರ ಫೋಟೋ ತೆಗೀತೀರಾ?”

“ಮೊನ್ನೆ ನೀವೇ ತಲೆ ಬಾಚ್ಕೊಂಡು ನಿಂತಿದ್ರಲ್ಲ?”

“ಅದು ಕೆಲಸ ಆದ್ಮೇಲೆ ಕಣ್ರೀ. ಇದು ಕೆಲಸ ಮಾಡ್ವಾಗ!”

ಪೆಟ್ಟು ತಿಂದವನ ಮೇಲೆಯೇ ಪೊಲೀಸರಿಗೆ ಹೊಡೆದನೆಂದು ಕೇಸಾಯಿತು. ಅವನ ಹೆಂಡತಿ ಅಂಗಡಿಗೆ ಬಂದಳು. “ಅಣ್ಣಾರ, ಆ ಫೋಟೋ ಒಂದ ಇದ್ರ ನಮ್ಮನಿಯವ್ರು ಹೊರಗ ಬರ್ತಾರಂತ್ರಿ, ವಕೀಲ್ರು ಅಂದ್ರು.”

ಠಾಣೆಗೆ ಹೋಗಿ ಕೈಮುಗಿದೆ. “ಕ್ಯಾಮೆರಾದಲ್ಲಿ ಕಾರ್ಡೇ ಇರಲಿಲ್ವಲ್ರೀ” ಎಂದರು ಇನ್ಸ್‌ಪೆಕ್ಟರು, ಗಣಪತಿಯ ಪಟದ ಕೆಳಗೇ ಕೂತು.

ಕನ್ನಡಿ

ವಾರ ಕಳೆದು ಠಾಣೆಯ ರೈಟರ್ ಫೋನು ಮಾಡಿದರು. ಕಾಗದಪತ್ರವೆಲ್ಲ ಬರೆಯುವವರು ಅವರೇ. ಇನ್ಸ್‌ಪೆಕ್ಟರು ಅಂದು ಬಂದೋಬಸ್ತಿಗೆ ಹೋಗಿದ್ದರು.

“ಜಪ್ತಿ ಮಾಲಿನ ಫೋಟೋ ಬೇಕು, ಕ್ಯಾಮೆರಾ ತಗೊಂಡು ಬನ್ನಿ.”

“ಏನು ಮಾಲು ಸಾರ್?”

“ನಿಮ್ಮ ಕ್ಯಾಮೆರಾನೇ.”

“ಮೊಬೈಲಲ್ಲೇ ತೆಗೀಬೋದಲ್ಲ ಸಾರ್?”

“ಆಮೇಲೆ ನನ್ನ ಮೊಬೈಲೂ ಕೋರ್ಟಿಗೆ ಹೋಗ್ಲಿ ಅಂತಲಾ?”

ಬರಿಗೈಲಿ ಠಾಣೆಗೆ ಹೋದೆ. ರೈಟರ್ ಯೋಚಿಸಿ ಯೋಚಿಸಿ, ಆ ಕ್ಯಾಮೆರಾವನ್ನೇ ನನ್ನ ಕೈಗೆ ಕೊಟ್ಟು, ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯ ಮುಂದೆ ನಿಲ್ಲಿಸಿದರು. “ಕನ್ನಡೀಲಿ ಕಾಣೋದನ್ನ ತೆಗೀರಿ.”

“ಕಾರ್ಡು ಬೇಕಲ್ಲ ಸಾರ್.”

“ಅಷ್ಟೇ ತಾನೇ?” ಇನ್ಸ್‌ಪೆಕ್ಟರ ಡ್ರಾಯರ್ ಎಳೆದು ಒಂದು ಕಾರ್ಡು ಕೊಟ್ಟರು. ಅದರ ಬೆನ್ನ ಮೇಲೆ ಒಂದು ಚುಕ್ಕೆ ಕುಂಕುಮ.

ಕ್ಯಾಮೆರಾಕ್ಕೆ ಹಾಕಿದೆ. ಕ್ಲಿಕ್ಕಿಸಿದೆ. ರೈಟರ್ ಕ್ಯಾಮೆರಾವನ್ನು ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಕಾರ್ಡನ್ನು ನನ್ನ ಕೈಗಿಟ್ಟು, “ನಾಲ್ಕು ಪ್ರಿಂಟ್ ಹಾಕ್ಕೊಂಡು ಬನ್ನಿ” ಎಂದರು. ಠಾಣೆಗೆ ನಾಲ್ಕು ಹಾಕಿದೆ. ಐದನೆಯದು, ಫ್ಯಾಕ್ಟರಿ ಗೇಟಿನದು, ವಕೀಲರಿಗೆ.

ಕಾರ್ಮಿಕನಿಗೆ ಜಾಮೀನಾಯಿತು. ನನ್ನ ಕ್ಯಾಮೆರಾ ಇನ್ನೂ ಠಾಣೆಯಲ್ಲೇ ಇದೆ. ಇನ್ಸ್‌ಪೆಕ್ಟರು ನನ್ನನ್ನು ಕರೆಸಿ ಆ ಫೋಟೋ ಮೇಜಿನ ಮೇಲೆ ಎಸೆದರು. ಈ ಸಲ ಮುಖದಲ್ಲಿ ಸಿಟ್ಟೇ ಇಲ್ಲ.

“ಲಾಠಿ ಹಿಡಿದೋನು ನಾನೇ ಅಂತ ಯಾವನ್ರೀ ಹೇಳ್ತಾನೆ? ಮುಖವೆಲ್ಲ ಮಸುಕು. ಅವನೊಬ್ಬನೇ ಸ್ಪಷ್ಟವಾಗಿ ಬಿದ್ದಿದ್ದಾನೆ.”

“ಹೌದು ಸಾರ್,” ಅಂದೆ. “ಆವತ್ತೂ ಅಲ್ಲಾಡದೆ ಇದ್ದವನು ಅವನೊಬ್ಬನೇ.”