ಹೌದಪ್ಪನ ಏಳು ಸಹಿ

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು. ಇಷ್ಟು ಕಾಲದಲ್ಲಿ ಹೆಂಡತಿಯ ಎದುರು ನಾನು ಒಂದು ವಾದದಲ್ಲಾದರೂ ಗೆದ್ದಿದ್ದೇನೆ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಅಪಪ್ರಚಾರ. (ಒಮ್ಮೆ ಗೆದ್ದಂತಾಗಿತ್ತು. ಹತ್ತಿರ ಹೋಗಿ ನೋಡಿದರೆ ಅವಳಿಗೆ ನಿದ್ದೆ ಹತ್ತಿತ್ತು.) ಹೀಗಿರುವಾಗ, ನಿವೃತ್ತನಾದ ಮೇಲೆ ಗ್ರಂಥಾಲಯದಲ್ಲಿ ಶನಿವಾರ ಸಂಜೆ ನಡೆಯುವ ಪ್ರಾಚೀನ ಗ್ರೀಕ್ ಸಂವಾದಗಳ ತರಗತಿಗೆ ನಾನು ಸೇರಿದ್ದು ಬರೀ ಜ್ಞಾನದಾಹದಿಂದ ಎಂದು ನಂಬುವಷ್ಟು ಮುಗ್ಧರು ನೀವಲ್ಲ.

ಆ ಸಂವಾದಗಳ ಸೊಗಸೇ ಸೊಗಸು! ಒಬ್ಬ ಪ್ರಶ್ನೆ ಕೇಳುತ್ತಾನೆ. ಇನ್ನೊಬ್ಬ 'ಹೌದು', 'ಖಂಡಿತ', 'ಅದರಲ್ಲೇನು ಸಂಶಯ' ಎನ್ನುತ್ತಾ ಹೋಗುತ್ತಾನೆ. ನಡುವೆ ವೈದ್ಯ, ಚಪ್ಪಲಿ ಹೊಲಿಯುವವನು, ಹಡಗು ನಡೆಸುವವನು ಎಲ್ಲರೂ ಉದಾಹರಣೆಯಾಗಿ ಬಂದು ಹೋಗುತ್ತಾರೆ. ಕೊನೆಗೆ ಹೌದು ಎಂದವನು, ತಾನು ಮೊದಲು ಹೇಳಿದ್ದಕ್ಕೆ ತದ್ವಿರುದ್ಧವಾದದ್ದನ್ನು ತಾನೇ ಒಪ್ಪಿಕೊಂಡು ಬೆಪ್ಪಾಗಿ ಕೂತಿರುತ್ತಾನೆ. ಅವನಿಗೆ ನಾವು 'ಹೌದಪ್ಪ' ಎಂದು ಹೆಸರಿಟ್ಟಿದ್ದೆವು. ವಾದದ ಮೆಟ್ಟಿಲುಗಳಿಗೆ ನಂಬರು ಹಾಕಿ, ಹೌದಪ್ಪ ಎಲ್ಲೆಲ್ಲಿ ಯೋಚಿಸದೆ ಒಪ್ಪಿದ ಎಂದು ಹುಡುಕಿ ಕೆಂಪು ಸುತ್ತು ಹಾಕುವುದೇ ಮೇಷ್ಟ್ರು ನಮಗೆ ಕಲಿಸುವ ವಿದ್ಯೆ. ಅವನನ್ನು ಕಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ಆಗ ಮನೆಯಲ್ಲೊಂದು ವ್ಯಾಜ್ಯ ನಡೆಯುತ್ತಿತ್ತು. ಮಗಳು ಮದುವೆಯಾಗಿ ಹೋದ ಮೇಲೆ ದೊಡ್ಡ ಕಿಟಕಿಯ ಕೋಣೆ ಖಾಲಿಯಾಗಿತ್ತು. ನನಗೆ ಅದು ಅಧ್ಯಯನ ಮಂದಿರವಾಗಬೇಕು. ಅವಳಿಗೆ ಅಲ್ಲಿ ಹೊಲಿಗೆ ಮಿಷನ್ ಇಡಬೇಕು. ಒಂದು ಕಾಲಕ್ಕೆ ಅರ್ಧ ಬೀದಿಗೆ ಬಟ್ಟೆ ಹೊಲಿದುಕೊಟ್ಟವಳು ಅವಳು. ಮಗಳು ಹುಟ್ಟಿದಾಗ ಮುಚ್ಚಿದ ಮಿಷನ್ನು ಈಗ ಒಗೆದ ಬಟ್ಟೆ ಗುಡ್ಡೆ ಹಾಕುವ ಮೇಜಾಗಿತ್ತು.

ಭಾನುವಾರ ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ಅಡುಗೆಮನೆಗೆ ದಂಡೆತ್ತಿ ಹೋದೆ. ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಎರಡೂ ಕಡೆಯವರ ಸಹಿ ಇಲ್ಲದ ಕಾಗದವನ್ನು ಕಾಗದವೆಂದೇ ಲೆಕ್ಕಕ್ಕೆ ಹಿಡಿಯುವವನಲ್ಲ. ಆದ್ದರಿಂದ ಪ್ರತಿ ಮೆಟ್ಟಿಲಿಗೂ ಇಬ್ಬರೂ ಸಹಿ ಹಾಕಬೇಕೆಂದು ಷರತ್ತು ಹಾಕಿದೆ.

"ತರಕಾರಿ ಹೆಚ್ಚೋ ಕೈಯಲ್ಲಿ ಸಹಿ ಬೇರೆ! ಕೇಳಿ, ಬೇಗ ಕೇಳಿ," ಎಂದಳು.

"ಒಂದು ವಸ್ತು, ಅದನ್ನ ಚೆನ್ನಾಗಿ ಬಳಸೋಕೆ ಗೊತ್ತಿರೋರ ಹತ್ತಿರಾನೇ ಇರ್ಬೇಕು. ಹೌದು ತಾನೇ?"

"ಹೌದು." ಇಬ್ಬರ ಸಹಿ ಬಿತ್ತು.

"ಹಡಗಿನ ಚುಕ್ಕಾಣಿ ಹಡಗು ನಡೆಸೋನ ಕೈಲಿರ್ಬೇಕು?"

"ಮತ್ತೆ? ಅಡುಗೆಯವನ ಕೈಗೆ ಕೊಡ್ತಾರಾ?" ಎರಡನೇ ಸಹಿ.

"ಹಾಗಾದ್ರೆ ಬೆಳಕಿರೋ ಕೋಣೆ, ಬೆಳಕು ಬೇಕಾದ ಕೆಲಸ ಮಾಡೋರಿಗೆ ಸೇರ್ಬೇಕು!"

"ಖಂಡಿತ," ಎಂದು ಅವಳು ಬಾಲ ಎಳೆದು ಸಹಿ ಹಾಕಿದಳು. ನಾನು ಗಾಳಿಯಲ್ಲಿ ತೇಲಾಡಿದೆ. ಮನಸ್ಸಿನಲ್ಲಿ ಆಗಲೇ ಪುಸ್ತಕದ ಬೀರುವಿಗೆ ಗೋಡೆ ಗೊತ್ತುಮಾಡಿದ್ದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಈಗ ನಾನು ಕೇಳ್ತೀನಿ, ಬರ್ಕೊಳ್ಳಿ. ಬಸ್ಸಲ್ಲಿ, ಕ್ಯೂನಲ್ಲಿ, ಎಲ್ಲಿ ಬೇಕಾದ್ರೂ ನೀವು ಓದಬಲ್ಲಿರಿ, ಅಲ್ವಾ?"

"ಸಂತೆಯಲ್ಲೂ ಓದ್ತೀನಿ!" ಎಂದು ಹೆಮ್ಮೆಯಿಂದ ಸಹಿ ಹಾಕಿದೆ.

"ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹೊಲಿಯೋರಿಗೆ ಬೆಳಕು ಬೇಕಾ?"

"ಅದರಲ್ಲೇನು ಸಂಶಯ?" ಸಹಿ.

"ಆ ಕಿಟಕಿ ಹತ್ತಿರ ಕೂತ್ರೆ ಐದು ನಿಮಿಷದಲ್ಲಿ ನಿಮಗೇನಾಗತ್ತೆ? ನಿಜ ಹೇಳಿ."

ತತ್ತ್ವಶಾಸ್ತ್ರದ ವಿದ್ಯಾರ್ಥಿ ಸುಳ್ಳು ಹೇಳಬಾರದಲ್ಲ? "ನಿದ್ದೆ ಬರತ್ತೆ." ಸಹಿ.

"ನಿದ್ದೆಗೆ ಬೆಳಕು ಬೇಕಾ?"

"ಬೇಡ," ಎಂದು ಏಳನೇ ಸಹಿಯನ್ನೂ ಗೀಚಿದೆ.

"ಸರಿ. ಈಗ ಮೂರನೇದು ಓದಿ, ನಿಮ್ಮ ಅಕ್ಷರದಲ್ಲೇ ಇದೆ."

ಓದಿದೆ. 'ಬೆಳಕಿರೋ ಕೋಣೆ, ಬೆಳಕು ಬೇಕಾದ ಕೆಲಸ ಮಾಡೋರಿಗೆ' ಎಂದಿತ್ತು. ಅವಳು ಮತ್ತೆ ಈಳಿಗೆಮಣೆ ಎಳೆದುಕೊಂಡು, ನನ್ನತ್ತ ನೋಡದೆ, "ಆ ಮಿಷನ್ ಸದ್ದು ಕೇಳಿ ಇಪ್ಪತ್ತೇಳು ವರ್ಷ ಆಯ್ತುರೀ," ಎಂದಳು. ಅದಕ್ಕೆ ಅವಳು ನಂಬರು ಹಾಕಿಸಲಿಲ್ಲ, ಸಹಿಯನ್ನೂ ಕೇಳಲಿಲ್ಲ. ಇಷ್ಟು ವರ್ಷ ಆ ಮಿಷನ್ ಮೇಲೆ ಬಟ್ಟೆ ಎಸೆದವನು ನಾನೇ. ಆದರೂ ಗಂಡಸಿನ ಬಿಗುಮಾನ ಬಿಡಬೇಕಲ್ಲ! "ಇದರಲ್ಲಿ ಎಲ್ಲೋ ತೂತಿದೆ. ಮೇಷ್ಟ್ರು ಹೇಳಲಿ," ಎಂದೆ.

ಶನಿವಾರ ಮೇಷ್ಟ್ರು ನೋಟ್‌ಬುಕ್ಕನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿದರು. "ಎದುರಾಳಿಯ ಮಾತಿನಿಂದಲೇ ಎದುರಾಳಿಯನ್ನ ಕಟ್ಟಿಹಾಕಿದ್ದಾರೆ. ಇಷ್ಟು ಅಚ್ಚುಕಟ್ಟಾಗಿ ಪ್ರಶ್ನೆ ಕೇಳಿದ್ದು ಯಾರು?" ಎಂದರು.

"ನಮ್ಮನೆಯವಳು ಸಾರ್."

"ಮತ್ತೆ ಈ ಸಹಿಗಳು?" ಎನ್ನುತ್ತಾ ಕೆಂಪು ಪೆನ್ನು ತೆಗೆದು, ನನ್ನ ಏಳೂ ಸಹಿಗೆ ಒಂದೊಂದಾಗಿ ಸುತ್ತು ಹಾಕಿದರು. ಹಿಂದಿನ ಬೆಂಚಿನಿಂದ ಯಾರೋ "ಹೌದಪ್ಪ!" ಎಂದರು. ಆ ನಗು ಗ್ರಂಥಾಲಯದ ಹೊರಗಿನ ರಸ್ತೆಗೂ ಕೇಳಿಸಿರಬೇಕು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನ ನಾನೇ ಮಿಷನ್ನನ್ನು ಕಿಟಕಿಯ ಬಳಿ ಎಳೆದಿಟ್ಟು, ಧೂಳು ಒರೆಸಿ, ಎಣ್ಣೆ ಬಿಟ್ಟೆ. ಅವಳು ಕೂತು ಚಕ್ರಕ್ಕೆ ಕೈ ಕೊಟ್ಟು ತುಳಿದಳು. ಆ ಸದ್ದು ಕೇಳಿದಾಗ ಅವಳ ಮುಖದಲ್ಲಿ ಬಂದ ಕಳೆಗಾಗಿ ನಾನು ಇನ್ನೂ ನಾಲ್ಕು ಕೋಣೆ ಸೋಲಬಹುದಿತ್ತು.

ಅವಳು ಮೊದಲು ಹೊಲಿದದ್ದು ನನ್ನ ನೋಟ್‌ಬುಕ್ಕಿಗೆ ಒಂದು ಬಟ್ಟೆಯ ಚೀಲ. ಅದರ ಮೇಲೆ ಕೆಂಪು ದಾರದಲ್ಲಿ, ದೊಡ್ಡದಾಗಿ, 'ಹೌದಪ್ಪ' ಎಂದಿತ್ತು.

"ಹೆಸರು ಸರಿಯಾಗಿ ಬಂದಿದ್ಯಾ ನೋಡಿ," ಎಂದಳು.

ನೋಡಿದೆ.

"ಹೌದು," ಎಂದೆ.