ರಕ್ತ ಕೇಳುವ ಹುಡುಗಿ

ನಮ್ಮ ಪಿಎಚ್‌ಡಿ ಗೈಡ್ ಮೇಡಂ ಯಾರ ಜೊತೆ ಮಾತಾಡುವಾಗಲೂ ಮುಖ ನೋಡುವುದಿಲ್ಲ, ಮೊಣಕೈಯ ಒಳಮಗ್ಗುಲು ನೋಡುತ್ತಾರೆ. ಅಲ್ಲಿ ನರ ಚೆನ್ನಾಗಿ ಎದ್ದು ಕಂಡರೆ ದನಿ ಮೆತ್ತಗಾಗುತ್ತದೆ: "ಕಾಫಿ ಕುಡೀತೀರಾ?" ನಮ್ಮ ಲ್ಯಾಬಿಗೆ ಬೇಕಾದದ್ದು ರಕ್ತ, ಅದೂ ಆಗಷ್ಟೇ ತೆಗೆದದ್ದು. ಕೊಡುವವರನ್ನು ಹುಡುಕುವ ಕೆಲಸ ನನ್ನದು. ಬಸ್ಸಿನಲ್ಲಿ "ಸ್ವಲ್ಪ ಜರುಗಿ" ಅನ್ನಲೂ ನಾಚುವ ನಾನು ಬಸವನಗುಡಿ ತುಂಬ ರಕ್ತ ಕೇಳುತ್ತಾ ತಿರುಗಿದರೆ ಮಾನ ಉಳಿದೀತೇ? ವಾರಕ್ಕೊಮ್ಮೆಯಾದರೂ ಹೋಗುತ್ತದೆ.

ಪಪ್ಪಾಯಿ ಎಲೆ

ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುತ್ತಿದ್ದ ಪಕ್ಕದ ಮನೆ ಆಂಟಿ ಕೇಳಿದರು, "ಅದೇನಮ್ಮಾ ನೀನು ಓದ್ತಿರೋದು?"

ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿತವಳಿಗೆ ನನ್ನ ವಿಷಯವಾದ ಟೈರೋಸಿನ್ ಕೈನೇಸನ್ನು ಕನ್ನಡದಲ್ಲಿ ಹೇಳುವುದೆಂದರೆ ಬೆವರು. ಹೇಗೋ ಹೇಳಿದೆ. ಗಾಯವಾದರೆ ರಕ್ತದ ಪ್ಲೇಟ್‌ಲೆಟ್ಟಿಗೆ ಹೊರಗಿನಿಂದ ಸುದ್ದಿ ತಟ್ಟುತ್ತದೆ. ಒಳಗೆ ಈ ಕೈನೇಸ್ ಅನ್ನುವ ಕಿಣ್ವಗಳು ಒಂದಕ್ಕೊಂದು ಫಾಸ್ಫೇಟಿನ ಚೀಟಿ ಅಂಟಿಸಿ ಎಬ್ಬಿಸುತ್ತವೆ. ಕೊನೆಗೆ ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕಚ್ಚಿಕೊಂಡು ರಕ್ತ ನಿಲ್ಲಿಸುತ್ತವೆ. ಬೇಡದ ಕಡೆ ಹೀಗಾದರೆ ಹಾರ್ಟ್ ಅಟ್ಯಾಕ್.

"ಅಂದ್ರೆ ಒಬ್ಬರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಬೀದಿಯೆಲ್ಲ ಸೇರೋದು?"

"ಹೂಂ ಆಂಟಿ. ಮಧ್ಯದವರನ್ನ ಸುಮ್ಮನಿರಿಸೋದು ಹೇಗೆ ಅಂತ ನೋಡ್ತಿದೀನಿ."

"ಒಳ್ಳೇ ಕೆಲಸ ಕಣಮ್ಮ," ಎಂದರು ಆಂಟಿ.

ಸಂಜೆಯೊಳಗೆ ನನಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಿದೆ ಅಂತ ಬೀದಿಗೆಲ್ಲ ಗೊತ್ತಾಗಿತ್ತು. ಮನೆಮನೆಯಿಂದ ಪಪ್ಪಾಯಿ ಎಲೆಯ ರಸ ಬಂತು. ಆಂಟಿ ತಂದದ್ದೇ ದೊಡ್ಡ ಲೋಟ. ಬೇಡ ಅನ್ನಲು ನಾಚಿಕೆ, ಎಲ್ಲವನ್ನೂ ಕುಡಿದೆ.

ಕೆಳಗಿನ ಮನೆ ಅಂಕಲ್

ಆಸ್ಪಿರಿನ್ ನುಂಗಿದವರ ಪ್ಲೇಟ್‌ಲೆಟ್ ಸರಿಯಾಗಿ ಅಂಟುವುದಿಲ್ಲ, ನಮಗಾಗದು. ಕೆಳಗಿನ ಮನೆ ಅಂಕಲ್ ತೋಳೇರಿಸಿ ಕೂತರು. "ಇವತ್ತಿನವರೆಗೂ ಒಂದು ಮಾತ್ರೆ ಮುಟ್ಟಿಲ್ಲ. ತಗೋ, ಎಷ್ಟು ಬೇಕೋ."

ಅಡುಗೆಮನೆಯಿಂದ ಅವರ ಹೆಂಡತಿ, "ರೀ, ದಿನಾ ಊಟ ಆದ್ಮೇಲೆ ಹಾರ್ಟಿಗೆ ಅಂತ ಆಸ್ಪಿರಿನ್ ಮಾತ್ರೆ ಕೈಗೆ ಹಾಕ್ತೀನಲ್ಲ?"

"ಅದಾ? ನೀನು ಕೊಡೋದನ್ನ ಏನು ಅಂತ ಯಾವತ್ತಾದ್ರೂ ಕೇಳಿದೀನಾ?"

ಅಂದಿನಿಂದ ಪಲ್ಯವನ್ನೂ ಏನು ಅಂತ ಕೇಳುತ್ತಾರಂತೆ. ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಏಕಾದಶಿ

ಕೊನೆಯ ಪ್ರಯೋಗವೊಂದು ಉಳಿದಿತ್ತು. ಅದಾಗದೆ ಥೀಸಿಸ್ ಮುಗಿಯದು. ಪ್ಲೇಟ್‌ಲೆಟ್ ಅಂಟಿತೋ ಇಲ್ಲವೋ ಅಂತ ನಾವು ನೋಡುವುದು ಬೆಳಕು ಹಾಯಿಸಿ. ರಕ್ತದಲ್ಲಿ ಜಿಡ್ಡು ತೇಲಿದರೆ ಕೆಲಸ ಕೆಟ್ಟಂತೆ. ಹಾಗಾಗಿ ಖಾಲಿ ಹೊಟ್ಟೆಯವರೇ ಬೇಕು.

ಒಪ್ಪಿದ್ದು ಚಿಕ್ಕಮ್ಮನ ಮಗ ಒಬ್ಬನೇ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಅವನಿಗೆ ತುಪ್ಪ ಸುರಿದು ಪೊಂಗಲ್ ಬಡಿಸಿಯಾಗಿತ್ತು. "ರಕ್ತ ಕೊಡೋ ಮಗೂನ ಬರೀ ಹೊಟ್ಟೇಲಿ ಕಳಿಸ್ತಾರೇನೇ?" ಅವನ ಪ್ಲಾಸ್ಮಾ, ಅಂದರೆ ರಕ್ತದ ತಿಳಿ, ಹಾಲಿನಷ್ಟು ಬೆಳ್ಳಗಿತ್ತು.

"ಈ ವಾರ ಆಗ್ಲಿಲ್ಲ ಅಂದ್ರೆ ಥೀಸಿಸ್ ಇನ್ನಾರು ತಿಂಗಳು ಮುಂದಕ್ಕೆ," ಎಂದರು ಮೇಡಂ.

ಆಗ ಹೊಳೆಯಿತು: ನಾಳೆ ಏಕಾದಶಿ! ನಮ್ಮ ಬೀದಿಯ ಭಜನೆಗೆ ಬರುವವರೆಲ್ಲ ಉಪವಾಸ. ವಯಸ್ಸಾದವರನ್ನು ಬಿಟ್ಟರೂ ಗಟ್ಟಿಮುಟ್ಟಾದ ಇಬ್ಬರು ಸಿಗರೇ?

ಮರುದಿನ, ಭಜನೆ ಮುಗಿದ ಮೇಲೆ ಮೆಲ್ಲಗೆ ಕೇಳೋಣ ಅಂತ ದೇವಸ್ಥಾನದ ಕಂಬದ ಪಕ್ಕ ನಿಂತಿದ್ದೆ. ಭಜನೆ ನಡೆಸುವ ಅಜ್ಜಿ ನನ್ನನ್ನು ನೋಡಿಬಿಟ್ಟರು. "ಯಾಕೆ ಮೂಲೇಲಿ ನಿಂತಿದೀಯ? ಏನು ಬೇಕಿತ್ತು?"

"ಒಂದು ಸಹಾಯ ಅಜ್ಜಿ..."

"ನಾಚ್ಕೊಂಡ್ರೆ ಆಗುತ್ತಾ? ಎಲ್ಲರನ್ನೂ ಕೇಳು," ಎಂದು ಮೈಕನ್ನೇ ಕೈಗಿತ್ತರು.

ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಉರು ಹೊಡೆದು ಬಂದಿದ್ದ ಕನ್ನಡದಿಂದ ಸಂಶೋಧನೆ, ಪ್ರಯೋಗ, ಹೃದಯದ ಕಾಯಿಲೆ ಎಲ್ಲ ಮಾಯ. ಬಾಯಿಗೆ ಬಂದದ್ದು ಇಷ್ಟೇ:

"ನೀವೆಲ್ಲ ಉಪವಾಸ ಇದೀರ ತಾನೆ?"

"ಹೌದಮ್ಮಾ," ಎಂದಿತು ಸಭೆ, ಪ್ರೀತಿಯಿಂದ.

"ಹಾಗಾದ್ರೆ ನಂಗೆ ನಿಮ್ಮ ರಕ್ತ ಬೇಕು. ಬಿಸಿಬಿಸಿಯಾಗಿ. ಯಾರಾದ್ರೂ ಕೊಡ್ತೀರಾ?"

ಮುಂದಿನ ಸಾಲಿನವರು ತಾಳ ಕೆಳಗಿಟ್ಟು ಸೆರಗನ್ನು ಮೊಣಕೈವರೆಗೆ ಎಳೆದುಕೊಂಡರು. ಮೈಕ್ ಒಮ್ಮೆ ಕುಂಯ್ ಅಂದಿತು.