ಸೊಸೆಯ ಒಸಡು, ಅತ್ತೆಯ ಮಶೇರಿ

ಹಲ್ಲಿನ ಡಾಕ್ಟರಾದ ನನಗೆ ಬಾಯಿ ತೆರೆದು ತೋರಿಸುವವರು ದಿನಾ ಸಿಗುತ್ತಾರೆ, ನಿಜ ಹೇಳುವವರು ಮಾತ್ರ ಅಪರೂಪ. ಹಾಗಾಗಿ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ದವಾಖಾನೆ ಇರುವುದು ವಿಜಯಪುರದಲ್ಲಿ. ಮಂಗಳವಾರ, ಶುಕ್ರವಾರ ತಿಕೋಟಾದಲ್ಲಿ ಕೂಡುತ್ತೇನೆ. ಹೋದ ವರ್ಷ ಬಿಜ್ಜರಗಿಯಿಂದ ಅಲ್ಲಿಗೆ ಬಂದ ಒಂದು ಅತ್ತೆ-ಸೊಸೆ ಜೋಡಿ ನನ್ನ ಜೀವ ಹಿಂಡಿ ಹಿಪ್ಪೆ ಮಾಡಿತು.

೧. ಬೀಗದೊಳಗಿನ ಬ್ರಶ್

ಸೊಸೆಗೆ ಐದು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈಗ ಒಸಡಿನಿಂದ ರಕ್ತ. ಆ ಹುಡುಗಿ ಕುರ್ಚಿಯಲ್ಲಿ ಕೂಡುವ ಮೊದಲೇ ಅಳುತ್ತಿದ್ದಳು.

"ರಕ್ತ ಕಂಡ್ರ ನನ್ನ ಎದಿ ಧಸಕ್ ಅಂತೈತ್ರಿ," ಅಂದರು ಅತ್ತೆ. "ಈ ಸಲಾನೂ ಹಂಗ ಆದ್ರ ಹೆಂಗ್ರಿ ಮೇಡಮ್ಮಾರ?"

ಬಸಿರಿನಲ್ಲಿ ಹಾರ್ಮೋನು ಏರುತ್ತದೆ, ಅದರಿಂದ ಒಸಡು ಊದಿ ರಕ್ತ ಬರುತ್ತದೆ, ಬಾಯಿ ಸ್ವಚ್ಛವಾಗಿಟ್ಟುಕೊಂಡರೆ ಹತೋಟಿಯಲ್ಲಿರುತ್ತದೆ ಎಂದು ತಿಳಿಸಿ ಹೇಳಿದೆ. ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮ ಮನ್ಯಾಗ ಯಾರಿಗೂ ಹಾರ್ಮೋನ ಇಲ್ರಿ. ಇಕಿ ತವರಮನಿಂದ ತಂದಿರಬೇಕು."

ನಗು ನುಂಗಿಕೊಂಡು, "ದಿನಾ ಬ್ರಶ್ ಮಾಡ್ತಾಳಿಲ್ಲೋ?" ಎಂದು ಕೇಳಿದೆ.

"ಎಲ್ಲೀದ್ರಿ! ರಕ್ತ ಬರ್ತೈತಂತ ಬ್ರಶ್ ಕಸಗೊಂಡು, ತಿಜೋರ್ಯಾಗ ಬಂಗಾರದ ಬೋರಮಾಳದ ಬಾಜೂಕ ಇಟ್ಟು ಕೀಲಿ ಹಾಕೀನಿ."

೨. ಡಬ್ಬಿ ಜಪ್ತಿ

ಹದಿನೈದು ದಿನಕ್ಕೆ ಮತ್ತೆ ಬಂದರು. ಬ್ರಶ್ಶಿಗೆ ಬಿಡುಗಡೆಯಾಗಿತ್ತು, ಆದರೆ ಒಸಡಿನ ಮೇಲೆ ಕಡಲೆಕಾಳಿನಷ್ಟು ಕೆಂಪು ಗಂಟು ಎದ್ದಿತ್ತು. ಅದು ಬಸಿರಿನ ಗಂಟು, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಕರಗುತ್ತದೆ. ನಾನು ಹೆದರಿದ್ದು ಬೇರೆಯದಕ್ಕೆ. ಹುಡುಗಿ ಬೆವರುತ್ತಿದ್ದಳು, ತಲೆ ಸುತ್ತಿ ಒರಗಿದಳು. ಹಲ್ಲಿನ ಸಂದಿಯಲ್ಲಿ ಕರಿ ಪುಡಿ. ಮಶೇರಿ! ತಂಬಾಕು ಸುಟ್ಟು ಮಾಡಿದ ಹಲ್ಲುಪುಡಿ.

"ಯಾರು ಕೊಟ್ಟಿದ್ದು ಇದನ್ನ?" ಕೂಗಿಯೇಬಿಟ್ಟೆ.

"ನಾನ ರೀ. ವಸಡಿ ಗಟ್ಟಿ ಆಗ್ಲಿ ಅಂತ. ನಾ ಮೂವತ್ತ ವರ್ಷಾತು ತಿಕ್ಕಾಕತ್ತಿ, ನನಗೇನಾಗೇತಿ?"

"ತಂಬಾಕು ಕೂಸಿಗೂ ಮುಟ್ತದ. ಎರಡು ಕಳಕೊಂಡದ್ದು ಸಾಲ್ಲಿಲ್ಲೇನು?"

ಆಡಬಾರದ ಮಾತು ಆಡಿಬಿಟ್ಟಿದ್ದೆ. ಅತ್ತೆ ಸೊಂಟದ ಚೀಲದಿಂದ ಮಶೇರಿ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಇಬ್ಬರನ್ನೂ ಹೆರಿಗೆ ಡಾಕ್ಟರ ಹತ್ತಿರ ಓಡಿಸಿದೆ. ಕೂಸು ಆರಾಮಿದೆ ಎಂದು ಫೋನು ಬರುವ ತನಕ ನನಗೆ ಊಟ ಸೇರಲಿಲ್ಲ.

ಏನೇ ಆಗಲಿ ಡಬ್ಬಿ ಕಸಿದುಕೊಂಡೆನಲ್ಲ ಎಂದು ಬೀಗುತ್ತಿದ್ದೆ. ಆಗ ಬಬಲೇಶ್ವರದ ನಮ್ಮ ನರ್ಸ್ ಬಾಯಿಬಿಟ್ಟಳು: "ಮೇಡಂ, ಆ ಯವ್ವ ಹೋಗೂಮುಂದ, ನಿಮ್ಮೂರಾಗ ಚಲೋ ಮಶೇರಿ ಯಾವ ಅಂಗಡ್ಯಾಗ ಸಿಗ್ತೈತಿ ಅಂತ ಕೇಳಿದಳ್ರಿ."

೩. ಕುಬಸದ ಆಣೆ

ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡು ನನ್ನನ್ನೂ ಕರೆದರು. ಹಸಿರು ಸೀರೆಯುಟ್ಟು ಕೂತ ಸೊಸೆಗೆ ಹೆಂಗಸರು ಒಬ್ಬೊಬ್ಬರೇ ತುತ್ತು ತಿನಿಸುತ್ತಿದ್ದರು. ಯಾರೋ ಪ್ರೀತಿಯಿಂದ ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟರು. ಅದು ನೇರ ಗಂಟಿಗೆ ತಾಗಿತು.

ಹಸಿರು ಸೀರೆಯ ಮೇಲೆ ರಕ್ತ. ಹಾಡು ನಿಂತೇಹೋಯಿತು. ಚೀಲದಲ್ಲಿದ್ದ ಗಾಜ್ ಬಟ್ಟೆ ಮಡಚಿ ಗಂಟಿನ ಮೇಲೆ ಒತ್ತಿ ಹಿಡಿದೆ. ಬಾಯಿಯ ರಕ್ತಕ್ಕೂ ಹೊಟ್ಟೆಯ ಕೂಸಿಗೂ ಸಂಬಂಧವಿಲ್ಲ ಎಂದು ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ರಕ್ತ ನಿಲ್ಲಲಿಲ್ಲ. ಹುಡುಗಿ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು.

ಅತ್ತೆ ನೆಲಕ್ಕೆ ಕುಸಿದು ಕೈಮುಗಿದರು. "ಯಪ್ಪಾ ದೇವರ, ನನ್ನ ಸೊಸೀನ ಉಳಸು, ಕೂಸಿನ ಉಳಸು. ಇವತ್ತಿಂದ ನಾ ಮಶೇರಿ ಮುಟ್ಟಂಗಿಲ್ಲ."

"ನಾನೂ ಮುಟ್ಟಂಗಿಲ್ಲ" ಎಂದು ಪಕ್ಕದ ಮನೆಯಾಕೆ ಅಂದಳು. "ನಾನೂ" ಎಂದು ಇನ್ನೊಬ್ಬಾಕೆ. ಕೊನೆಗೆ ಗೋಡೆಗೊರಗಿ ಕೂತಿದ್ದ ಮುದುಕಿಯೂ ಕಣ್ಣೀರು ಒರೆಸಿಕೊಂಡು ಆಣೆ ಮಾಡಿದಳು.

ನಿಧಾನಕ್ಕೆ ಬೆರಳು ತೆಗೆದೆ. ರಕ್ತ ನಿಂತಿತ್ತು.

ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಆ ಮುದುಕಿ ಅಂದಳು: "ಇಷ್ಟ ಲಗೂ ನಿಂತತ? ನಾ ಅವಸರ ಮಾಡಿ ಆಣಿ ಮಾಡಿದ್ನಲ್ಲ ಬೇ!"

೪. ಅತ್ತೆಯ ಗುಟ್ಟು

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಗಂಟು ತಾನಾಗಿಯೇ ಕರಗಿತು. ಬಾಣಂತನ ಮುಗಿಸಿ ತವರಿಂದ ಬಂದ ಸೊಸೆ, ಕೂಸು, ಅತ್ತೆ ಮೂವರೂ ತಿಕೋಟಾಕ್ಕೆ ಬಂದರು. ಕೂಸನ್ನು ಎತ್ತಿಕೊಂಡಾಗ ನನಗೆ ಕಣ್ಣು ತುಂಬಿ ಬಂತು.

ಅತ್ತೆ ಸೊಸೆಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. "ಮೊದಲ ನನ್ನ ಬಾಯಿ ನೋಡ್ರಿ. ಮೂರ ತಿಂಗಳಾತು, ಬೆಂಕಿ ಇಟ್ಟಂಗ ಉರೀತೈತಿ. ಚಟ್ನಿ ಮುಟ್ಟಾಕ ಆಗವಲ್ದು. ಮಶೇರಿ ಬಿಟ್ಟಿದ್ದಕ್ಕ ಹಿಂಗಾತೇನ್ರಿ?"

ನೋಡಿದೆ. ಮೂವತ್ತು ವರ್ಷದ ಕರಿ ಹೋಗುತ್ತಾ ಬಂದಿತ್ತು, ನಿಜವಾಗಿಯೂ ಬಿಟ್ಟಿದ್ದರು.

"ಮುಟ್ಟು ನಿಂತು ಎಷ್ಟು ದಿನಾತು?"

"ವರ್ಷದ ಮ್ಯಾಲಾತ್ರಿ."

ಆ ವಯಸ್ಸಿಗೆ ಹಾರ್ಮೋನು ಇಳಿಯುತ್ತದೆ, ಕೆಲವರಿಗೆ ಬಾಯಿ ಒಣಗಿ ಉರಿಯುತ್ತದೆ, ರಕ್ತ ಪರೀಕ್ಷೆ ಮಾಡಿಸಿ ಔಷಧ ಕೊಡೋಣ ಎಂದೆ. ಹಾರ್ಮೋನು ಎಂಬ ಮಾತು ಕೇಳಿದ್ದೇ ತಡ, ಅತ್ತೆ ಮುಚ್ಚಿದ ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದರು:

"ಸೊಸಿ ಮುಂದ ಹೇಳಬ್ಯಾಡ್ರಿ ಮೇಡಮ್ಮಾರ. ತನ್ನ ಹಾರ್ಮೋನ ಅತ್ತಿಗೂ ಅಂಟ್ಯಾವಂತ ಗೊತ್ತಾದ್ರ, ಪಾಪ, ಮನಸಿಗೆ ಹಚ್ಚಗೋತಾಳ."